ಬೇಡವೆಂದಾದರೂ ಹೇಳಿ

ಎರಡು ತಿಂಗಳ ಹಿಂದೆ ಇದೇ ಪತ್ರಿಕೆಯಲ್ಲಿ ನಾನೊಂದು ಲೇಖನ ಬರೆದಿದ್ದೆ. ಲಂಡನ್, ನ್ಯೂಯಾರ್ಕುಗಳ ಸಾಹಿತ್ಯ ಏಜೆಂಟರಿಗೆ ಹಸ್ತಪ್ರತಿ ಕಳಿಸಿ ಕಾಯುವ ಕನ್ನಡದ ಅನುವಾದಕರ ಪಾಡು ಅದರ ವಿಷಯ. ಅಲ್ಲಿ ನಾನು ಕೇಳಿಕೊಂಡಿದ್ದು ಒಂದೇ: ಹಸ್ತಪ್ರತಿ ಬೇಡವಾದರೆ ಬೇಡ ಅನ್ನಿ, ಸುಮ್ಮನಿದ್ದುಬಿಡಬೇಡಿ. ಇಷ್ಟು ಸಣ್ಣ ಕೋರಿಕೆಗೆ ಇಷ್ಟೊಂದು ವಿರೋಧ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಬರೆದವರಲ್ಲಿ ಬಹುಪಾಲು ಜನ ನನ್ನ ಹಾಗೆಯೇ ಕಾಯುತ್ತಿರುವವರು. ಅವರಿಗೆ ಬೇರೆಯಾಗಿ ಕಾಗದ ಬರೆದಿದ್ದೇನೆ. ಈ ಪ್ರತ್ಯುತ್ತರ ನನ್ನ ಮಾತನ್ನು ಒಪ್ಪದವರಿಗೆ. ಅವರಲ್ಲಿ ನಾನು ತುಂಬ ಗೌರವಿಸುವ ಹಿರಿಯ ಪ್ರಕಾಶಕರೊಬ್ಬರಿದ್ದಾರೆ, ಲಂಡನ್ನಿನ ಪುಸ್ತಕೋದ್ಯಮದಲ್ಲಿ ಕೆಲವು ವರ್ಷ ದುಡಿದು ಬಂದ ಕನ್ನಡಿಗರೊಬ್ಬರಿದ್ದಾರೆ, ನನ್ನದೇ ಕಸುಬಿನ ಇಬ್ಬರು ಅನುವಾದಕರೂ ಇದ್ದಾರೆ. ಯಾರ ಹೆಸರನ್ನೂ ಎತ್ತುವುದಿಲ್ಲ. ಅವರ ಮಾತಿಗೆ ಮಾತ್ರ ಉತ್ತರ ಕೊಡುತ್ತೇನೆ.

ಈ ವ್ಯವಹಾರದ ಪರಿಚಯ ಇಲ್ಲದ ಓದುಗರಿಗಾಗಿ ಮೊದಲು ನಾಲ್ಕು ಮಾತು. ಇಂಗ್ಲಿಷಿನ ದೊಡ್ಡ ಪ್ರಕಾಶಕರಲ್ಲಿ ಹೆಚ್ಚಿನವರು ಲೇಖಕರಿಂದ ನೇರವಾಗಿ ಹಸ್ತಪ್ರತಿ ತೆಗೆದುಕೊಳ್ಳುವುದಿಲ್ಲ, ನಡುವೆ ಏಜೆಂಟರು ಬೇಕು. 1870ರ ದಶಕದಲ್ಲಿ ಲಂಡನ್ನಿನಲ್ಲಿ ಎ. ಪಿ. ವಾಟ್ ಎಂಬವರು ನೆಲೆಗೊಳಿಸಿದ ಕಸುಬು ಇದು. ಏಜೆಂಟರ ಸಂಪಾದನೆಯೆಂದರೆ ಕಮಿಷನ್. ಲೇಖಕರಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ. 15, ವಿದೇಶಿ ಮತ್ತು ಅನುವಾದದ ಹಕ್ಕುಗಳಾದರೆ ಶೇ. 20. ಅವರನ್ನು ತಲುಪಬೇಕಾದರೆ ಒಂದು ಪುಟದ ಪತ್ರ ಬರೆಯಬೇಕು, ಅದಕ್ಕೆ ಕ್ವೆರಿ ಎನ್ನುತ್ತಾರೆ. ಕಥೆ ಏನು, ಪುಸ್ತಕ ಎಷ್ಟು ಪದಗಳದ್ದು, ಬರೆದವರು ಯಾರು ಎಂಬುದೆಲ್ಲ ಮುನ್ನೂರು ಪದಗಳೊಳಗೆ ಮುಗಿಯಬೇಕು. ಜೊತೆಗೆ ಅಮೆರಿಕದವರಾದರೆ ಮೊದಲ ಐದೋ ಹತ್ತೋ ಪುಟ ಕೇಳುತ್ತಾರೆ, ಬ್ರಿಟನ್ನಿನವರು ಹೆಚ್ಚಾಗಿ ಮೊದಲ ಮೂರು ಅಧ್ಯಾಯ ಮತ್ತು ಕಥಾಸಾರ ಕೇಳುತ್ತಾರೆ. ಹಿಡಿಸಿದರೆ ಪೂರ್ತಿ ಹಸ್ತಪ್ರತಿ ತರಿಸಿಕೊಳ್ಳುತ್ತಾರೆ. ಹಿಡಿಸದಿದ್ದರೆ ಏನಾಗುತ್ತದೆ ಎಂಬಲ್ಲಿಂದ ನನ್ನ ತಕರಾರು ಶುರುವಾಗುತ್ತದೆ.

ಲಂಡನ್ನಿನಿಂದ ಬಂದವರ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು, ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅವರ ವಾದ ಹೀಗಿದೆ: ಏಜೆಂಟರಿಗೆ ಕ್ವೆರಿ ಓದುವುದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಅವರ ಹಗಲೆಲ್ಲ ಈಗಾಗಲೇ ಒಪ್ಪಿಕೊಂಡ ಲೇಖಕರಿಗೆ ಮೀಸಲು. ಕರಾರು ನೋಡಬೇಕು, ಸಂಪಾದಕರ ಹಿಂದೆ ಬೀಳಬೇಕು, ಬಾಕಿ ರಾಯಧನ ವಸೂಲು ಮಾಡಬೇಕು. ಹೊಸಬರ ಪತ್ರಗಳನ್ನು ರಾತ್ರಿಯೋ ರಜೆಯಲ್ಲೋ ಓದುತ್ತಾರೆ. ವರ್ಷಕ್ಕೆ ಸಾವಿರಗಟ್ಟಲೆ ಬರುವ ಪತ್ರಗಳಿಗೆಲ್ಲ ಉತ್ತರ ಬರೆಯುತ್ತ ಕೂತರೆ ಅವರ ಹೊಟ್ಟೆಪಾಡು ನಡೆಯುವುದು ಹೇಗೆ?

ಇದರಲ್ಲಿ ಸುಳ್ಳಿಲ್ಲ. ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. ಅನುವಾದಿತ ಕಾದಂಬರಿಯೊಂದಕ್ಕೆ ನಾಲ್ಕು ಸಾವಿರ ಪೌಂಡ್ ಮುಂಗಡ ಸಿಕ್ಕಿತೆನ್ನಿ, ಶೇ. 15ರಂತೆ ಏಜೆಂಟರಿಗೆ ಆರುನೂರು ಪೌಂಡ್ ಉಳಿಯುತ್ತದೆ. ಅದಕ್ಕಾಗಿ ಒಂದು ವರ್ಷದ ಓಡಾಟ. ಅವರೇನೂ ಸುಖದ ಸುಪ್ಪತ್ತಿಗೆಯಲ್ಲಿ ಕೂತಿಲ್ಲ ಎಂದು ನನಗೂ ಗೊತ್ತು. ಪ್ರತಿಯೊಬ್ಬರಿಗೂ ಕೃತಿಯ ಗುಣದೋಷ ತಿಳಿಸಿ ಬರೆಯಿರಿ ಎಂದು ನಾನು ಕೇಳಿದ್ದರೆ ಈ ಆಕ್ಷೇಪ ಪೂರ್ತಿ ನ್ಯಾಯವಾಗುತ್ತಿತ್ತು. ನಾನು ಹಾಗೆ ಕೇಳಿಲ್ಲ. ಲೇಖನವನ್ನು ದಯವಿಟ್ಟು ಇನ್ನೊಮ್ಮೆ ನೋಡಿ.

ಒಂದು ಕ್ವೆರಿಗೆ ಏಜೆಂಟರು ಕೊಡುವ ಸಮಯ ಯಾವುದು? ತೆರೆದು ಓದುವ ಸಮಯ, ಯೋಚಿಸಿ ತೀರ್ಮಾನಿಸುವ ಸಮಯ. ದುಡಿಮೆಯೆಲ್ಲ ಅಲ್ಲಿಗೆ ಮುಗಿಯಿತು. ಆಮೇಲೆ ಉಳಿಯುವುದು ತೀರ್ಮಾನವನ್ನು ತಿಳಿಸುವುದೊಂದೇ. ಈಗ ಅಮೆರಿಕದ ಎಷ್ಟೋ ಏಜೆಂಟರು ಪತ್ರಗಳನ್ನು ಕ್ವೆರಿ ಮ್ಯಾನೇಜರ್ ಎಂಬ ವ್ಯವಸ್ಥೆಯ ಮೂಲಕ ತರಿಸಿಕೊಳ್ಳುತ್ತಾರೆ. ಅದರಲ್ಲಿ ಮೊದಲೇ ಬರೆದಿಟ್ಟ ಎರಡು ಸಾಲಿನ ಉತ್ತರವನ್ನು ಒಂದು ಗುಂಡಿ ಒತ್ತಿ ಕಳಿಸಬಹುದು. ನನಗೆ ಬಂದ ಉತ್ತರಗಳಲ್ಲಿ ಬಹಳಷ್ಟು ಅಂಥವೇ. ಒಂದರಲ್ಲೂ ನನ್ನ ಹೆಸರಿಲ್ಲ, ಕೃತಿಯ ಹೆಸರೂ ಇಲ್ಲ. ಅವುಗಳಿಂದ ನನಗೆ ಅವಮಾನವಾಗಲಿಲ್ಲ. ಅವುಗಳನ್ನು ಕಳಿಸಿದವರಿಗೆ ನಾನು ಇವತ್ತಿಗೂ ಕೃತಜ್ಞಳು.

ಪತ್ರಗಳ ಸಂಖ್ಯೆ ದೊಡ್ಡದು ಎಂಬ ಮಾತಿಗೆ ಒಂದು ಉದಾಹರಣೆ ಕೊಡುತ್ತೇನೆ. ಕ್ಲಾರ್ಕ್ಸ್‌ವರ್ಲ್ಡ್ ಎಂಬ ಅಮೆರಿಕದ ವೈಜ್ಞಾನಿಕ ಕಥೆಗಳ ಮಾಸಪತ್ರಿಕೆಗೆ ತಿಂಗಳಿಗೆ ಸಾವಿರಕ್ಕೂ ಮಿಕ್ಕಿ ಕಥೆಗಳು ಬರುತ್ತವೆ. 2023ರ ಫೆಬ್ರವರಿಯಲ್ಲಿ ಯಂತ್ರದಿಂದ ಬರೆಸಿದ ಕಥೆಗಳ ಪ್ರವಾಹವೇ ಬಂದು, ಅದರ ಸಂಪಾದಕ ನೀಲ್ ಕ್ಲಾರ್ಕ್ ಸ್ವಲ್ಪ ಕಾಲ ಬಾಗಿಲು ಹಾಕಬೇಕಾಯಿತು. ಬಾಗಿಲು ಹಾಕಿದ್ದನ್ನು ಎಲ್ಲರಿಗೂ ತಿಳಿಯುವಂತೆ ಹೇಳಿಯೇ ಹಾಕಿದರು, ಮತ್ತೆ ತೆರೆದರು. ಅಷ್ಟು ಕಥೆಗಳ ನಡುವೆಯೂ ಕೆಲವೇ ದಿನಗಳಲ್ಲಿ ಉತ್ತರ ಕೊಡುವುದಕ್ಕೆ ಹೆಸರಾದ ಪತ್ರಿಕೆ ಅದು. ಅಲ್ಲಿಯೂ ದೊಡ್ಡ ಸಿಬ್ಬಂದಿಯೇನಿಲ್ಲ. ಕೈಗೆ ಮೀರಿದಷ್ಟು ಪತ್ರಗಳು ಬಂದಾಗ ಕೆಲವು ತಿಂಗಳು ತೆಗೆದುಕೊಳ್ಳುವುದಿಲ್ಲ ಎನ್ನುವುದು ನ್ಯಾಯವಾದ ದಾರಿ. ಎಷ್ಟೋ ಏಜೆಂಟರು ಹಾಗೆ ಮಾಡುತ್ತಾರೆ, ನಾನು ಅವರನ್ನು ದೂರುವುದಿಲ್ಲ. ಬಾಗಿಲು ತೆರೆದಿಟ್ಟು, ಬಂದವರನ್ನು ಜಗಲಿಯ ಮೇಲೆ ಕೂರಿಸಿ, ಒಳಗಿನಿಂದ ಯಾರೂ ಮಾತಾಡದೇ ಇರುವುದನ್ನು ಮಾತ್ರ ದೂರುತ್ತೇನೆ.

ಎರಡನೆಯ ಆಕ್ಷೇಪ ಹಿರಿಯ ಪ್ರಕಾಶಕರದು. "ಮೌನವೂ ಒಂದು ಉತ್ತರವೇ. ಹನ್ನೆರಡು ವಾರದಲ್ಲಿ ತಿಳಿಸದಿದ್ದರೆ ಬೇಡವೆಂದು ತಿಳಿಯಿರಿ ಎಂದು ಅವರು ಮೊದಲೇ ಬರೆದಿರುತ್ತಾರಲ್ಲ, ಇನ್ನೇನು ಬೇಕು?" ಎಂದು ಅವರು ಕೇಳಿದ್ದಾರೆ.

ಸ್ವಾಮಿ, ನಾವು ಮೌನಂ ಸಮ್ಮತಿ ಲಕ್ಷಣಂ ಎಂದು ಕೇಳಿಕೊಂಡು ಬೆಳೆದವರು. ನಮ್ಮಲ್ಲಿ ಮೌನಕ್ಕೆ ಒಪ್ಪಿಗೆ ಎಂಬ ಅರ್ಥ ಇದೆ. ಮುನಿಸು ಎಂಬ ಅರ್ಥವೂ ಇದೆ, ಯೋಚಿಸುತ್ತಿದ್ದಾರೆ ಎಂಬ ಅರ್ಥವೂ ಇದೆ. ಇಷ್ಟೊಂದು ಅರ್ಥ ಇರುವುದನ್ನು ಉತ್ತರ ಎನ್ನುವುದು ಹೇಗೆ? ಮದುವೆಯ ಮಾತಿನಲ್ಲಿ ನಮ್ಮ ಹಿರಿಯರು ಏನು ಮಾಡುತ್ತಿದ್ದರೆಂದು ನೆನಪಿಸಿಕೊಳ್ಳಿ. ಹುಡುಗಿಯ ಜಾತಕ ತೆಗೆದುಕೊಂಡು ಹೋದವರಿಗೆ ಸಂಬಂಧ ಬೇಡವಾದರೆ ಜಾತಕವನ್ನು ವಾಪಸು ಕಳಿಸುತ್ತಿದ್ದರು, "ಜಾತಕ ಕೂಡಿಬರಲಿಲ್ಲ" ಎಂದು ಹೇಳಿಸುತ್ತಿದ್ದರು. ನಿಜವಾದ ಕಾರಣ ಬೇರೆಯೇ ಇರಬಹುದು. ಅದನ್ನು ಯಾರೂ ಕೇಳುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ. ಆದರೆ ಹೆಣ್ಣಿನ ಮನೆಯವರು ಮಾರನೆಯ ದಿನವೇ ಇನ್ನೊಂದು ಕಡೆ ವಿಚಾರಿಸಬಹುದಿತ್ತು. ಜಾತಕ ಇಟ್ಟುಕೊಂಡು ತಿಂಗಳುಗಟ್ಟಲೆ ಮಾತಾಡದೇ ಇದ್ದವರನ್ನು ಊರು ಒಳ್ಳೆಯವರೆನ್ನುತ್ತಿರಲಿಲ್ಲ. ನಾನು ಕೇಳುತ್ತಿರುವುದು ಆ ಒಂದು ಸಾಲನ್ನೇ.

ಹನ್ನೆರಡು ವಾರದ ನಿಯಮವೂ ನಿಯಮದಂತೆ ನಡೆಯುವುದಿಲ್ಲ. ನನ್ನ ಬಳಿ ಒಂದು ಲಾಂಗ್‌ ಬುಕ್ ಇದೆ. ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಐದು ಕಲಮು ಹಾಕಿದ್ದೇನೆ: ಏಜೆಂಟರ ಹೆಸರು, ಕಳಿಸಿದ ತಾರೀಖು, ಕಳಿಸಿದ್ದು ಏನು, ಉತ್ತರ ಬಂದ ತಾರೀಖು, ಷರಾ. ಎರಡು ವರ್ಷದಲ್ಲಿ ನಾನು ಕಳಿಸಿದ್ದು 41 ಕ್ವೆರಿ. ಉತ್ತರ ಬಂದದ್ದು 17. ಹದಿನೇಳರಲ್ಲಿ ನಾಲ್ಕು ಬಂದದ್ದು ಅವರೇ ಹೇಳಿದ್ದ ಗಡುವು ದಾಟಿದ ಮೇಲೆ. ಅದರಲ್ಲಿ ಒಂದು, ಏಳು ತಿಂಗಳಾದ ಮೇಲೆ, ಪೂರ್ತಿ ಹಸ್ತಪ್ರತಿ ಕಳಿಸಿ ಎಂಬ ಕೋರಿಕೆ! ಇನ್ನೊಬ್ಬರಿಗೆ ಹದಿನಾಲ್ಕನೆಯ ವಾರ ನೆನಪಿನ ಪತ್ರ ಬರೆದೆ. ನಿಮ್ಮ ಮೊದಲ ಪತ್ರ ನನಗೆ ಬಂದೇ ಇಲ್ಲ ಎಂದು ಮಾರನೆಯ ದಿನ ತಿಳಿಸಿದರು. ಹಾಗಾದರೆ ಉಳಿದ 24 ಮನೆಗಳ ಮೌನದಲ್ಲಿ ಎಷ್ಟು ನಿರಾಕರಣೆ, ಎಷ್ಟು ಕಳೆದುಹೋದ ಪತ್ರ, ಎಷ್ಟು ಇನ್ನೂ ಓದದೇ ಉಳಿದದ್ದು? ಹಿರಿಯ ಪ್ರಕಾಶಕರು ಹೇಳಬಲ್ಲರೆ? ನಾನಂತೂ ಹೇಳಲಾರೆ.

ಇಲ್ಲಿ ಮೇಷ್ಟ್ರ ಸುದ್ದಿ ಹೇಳಲೇಬೇಕು. ನಾನು ಅನುವಾದಿಸಿದ ಕಾದಂಬರಿಯ ಮೂಲ ಲೇಖಕರು ಅವರು. ಸಾಗರದ ಹತ್ತಿರದ ಹಳ್ಳಿಯವರು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಈಗ ಎಂಬತ್ತೊಂದು ವರ್ಷ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವಲ್ಲ, ಅಂಥ ಒಂದು ಹಳ್ಳಿಯಿಂದ ದನಕರು, ದೇವರ ಪೆಟ್ಟಿಗೆ ಸಮೇತ ಎದ್ದು ಬಂದ ಮನೆತನದ ಕಥೆ. ಮೇಷ್ಟ್ರು ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. "ಎಂತಾರೂ ಬಂತೇನಮ್ಮ?" ಎಂಬ ಒಂದೇ ಪ್ರಶ್ನೆ. "ಇನ್ನೂ ಇಲ್ಲ ಮೇಷ್ಟ್ರೇ" ಎಂದರೆ, "ಓದ್ತಾ ಇರಬೌದು, ದೊಡ್ಡ ಪುಸ್ತಕ ಅಲ್ವಾ" ಎನ್ನುತ್ತಿದ್ದರು. ಮೌನವನ್ನು ಅವರು ಓದುತ್ತಿದ್ದದ್ದು ಹಾಗೆ.

ಪೂರ್ತಿ ಹಸ್ತಪ್ರತಿ ಕೇಳಿದವರು ಮೂವರು. ಒಬ್ಬರು ಐದೇ ವಾರದಲ್ಲಿ, ಕೃತಿ ಗಂಭೀರವಾಗಿದೆ, ಆದರೆ ಮಾರುವ ದಾರಿ ನನಗೆ ಕಾಣುತ್ತಿಲ್ಲ ಎಂಬ ಅರ್ಥದ ಎರಡು ಸಾಲು ಬರೆದರು. ಆ ಭಾನುವಾರ ಹೆದರಿಕೊಂಡೇ ಮೇಷ್ಟ್ರಿಗೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲೇ ಇಲ್ಲ. "ಓದಿದಾರಲ್ಲ! ಅಷ್ಟು ಸಾಕು ಮಾರಾಯ್ತಿ. ಮುಂದಿನವರಿಗೆ ಕಳಿಸು" ಎಂದರು. ಇನ್ನೊಬ್ಬರೂ ಎರಡು ತಿಂಗಳಲ್ಲಿ ಬೇಡವೆಂದರು. ಮೂರನೆಯವರು, ಹೆಸರು ಬೇಡ, ಹಸ್ತಪ್ರತಿ ನಮಗೆ ಮಾತ್ರ ತೋರಿಸಬೇಕು, ನಾವು ಹೇಳುವವರೆಗೆ ಬೇರೆಯವರಿಗೆ ಕಳಿಸಬಾರದು ಎಂಬ ಷರತ್ತು ಹಾಕಿ ತರಿಸಿಕೊಂಡರು. ನಾನು ಒಪ್ಪಿದೆ. ಅದೇ ನನ್ನ ತಪ್ಪು. ಆರು ವಾರವೋ ಎಂಟು ವಾರವೋ ಗಡುವು ಬರೆಸಿಕೊಳ್ಳಬೇಕಿತ್ತು. ಎಂಟು ತಿಂಗಳು ನಾನು ಮಾತಿಗೆ ಕಟ್ಟುಬಿದ್ದು ಯಾರಿಗೂ ಕಳಿಸಲಿಲ್ಲ. ಮೂರು ನೆನಪಿನ ಪತ್ರ ಬರೆದೆ. ಇವತ್ತಿನವರೆಗೂ ಒಂದಕ್ಷರ ಬಂದಿಲ್ಲ. ಆ ಎಂಟು ತಿಂಗಳಲ್ಲಿ ಮೇಷ್ಟ್ರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಪುಸ್ತಕ ಬಂದರೆ ಓದಲು ಬೇಕಲ್ಲ ಎಂದೇ ಮಾಡಿಸಿಕೊಂಡರು.

ಮೌನದಲ್ಲಿ ಕಾದು ಕೂರುವವರು ಯಾವಾಗಲೂ ಇಪ್ಪತ್ತೈದರ ಹುಡುಗರಲ್ಲ. ಎಂಬತ್ತರ ಮನುಷ್ಯನಿಗೆ ಎಂಟು ತಿಂಗಳೆಂದರೆ ಏನೆಂದು ಆಕ್ಷೇಪ ಎತ್ತಿದವರು ಒಂದು ಗಳಿಗೆ ಯೋಚಿಸಬೇಕು.

ನಿರಾಕರಿಸಿ ಉತ್ತರ ಬರೆದರೆ ಲೇಖಕರು ಜಗಳಕ್ಕೆ ಬರುತ್ತಾರೆ, ಬೈದು ಬರೆಯುತ್ತಾರೆ, ಆದ್ದರಿಂದ ಏಜೆಂಟರು ಸುಮ್ಮನಿರುತ್ತಾರೆ ಎಂದು ಒಬ್ಬ ಅನುವಾದಕರು ಬರೆದಿದ್ದಾರೆ. ನಿಜ, ಅಂಥ ಲೇಖಕರಿದ್ದಾರೆ, ಹೆಣ್ಣುಮಕ್ಕಳಾದ ಏಜೆಂಟರಿಗೆ ತೀರ ಹೊಲಸಾಗಿ ಬರೆದವರೂ ಇದ್ದಾರೆ. ಅದು ಅಕ್ಷಮ್ಯ. ಆದರೆ ಮರು ಉತ್ತರ ತಲುಪದಂಥ ವಿಳಾಸದಿಂದ ಪತ್ರ ಕಳಿಸಲು ಸಾಧ್ಯವಿದೆ, ಬ್ಯಾಂಕುಗಳೆಲ್ಲ ಹಾಗೇ ಮಾಡುತ್ತವೆ. ನಾಲ್ಕು ಜನ ಕಿಡಿಗೇಡಿಗಳಿಗಾಗಿ ನಾಲ್ಕು ಸಾವಿರ ಜನರಿಗೆ ಉತ್ತರ ತಪ್ಪಿಸಬೇಕಾಗಿಲ್ಲ.

ಅದೇ ಪತ್ರದಲ್ಲಿ ಇನ್ನೊಂದು ಸಲಹೆ ಇತ್ತು, ಅದು ನನ್ನನ್ನು ಗಾಬರಿಗೊಳಿಸಿತು. ಓದುವುದಕ್ಕೆ ಶುಲ್ಕ ಕೊಟ್ಟರೆ ಖಂಡಿತ ಉತ್ತರ ಬರುತ್ತದೆ, ಕೊಟ್ಟುಬಿಡಿ ಎಂಬ ಸಲಹೆ. ಇದನ್ನು ಓದಿ ಯಾರಾದರೂ ಹಣ ಕಳಿಸಿಯಾರು ಎಂಬ ಭಯದಿಂದ ಸ್ಪಷ್ಟವಾಗಿ ಹೇಳುತ್ತೇನೆ: ಕೊಡಬೇಡಿ. ಅಮೆರಿಕದ ಸಾಹಿತ್ಯ ಏಜೆಂಟರ ಸಂಘ ತನ್ನ ಸದಸ್ಯರು ಓದುವ ಶುಲ್ಕ ತೆಗೆದುಕೊಳ್ಳಬಾರದೆಂದು ನೀತಿಸಂಹಿತೆಯಲ್ಲೇ ಬರೆದುಕೊಂಡಿದೆ. ಕೃತಿ ಮಾರಿದ ಮೇಲೆ ಅದರಲ್ಲಿ ಪಾಲು ತೆಗೆದುಕೊಳ್ಳುವವರು ಏಜೆಂಟರು. ಕೃತಿ ಮಾರುವ ಮೊದಲೇ ಲೇಖಕರಿಂದ ಹಣ ಕೇಳುವವರಿಗೆ ಕೃತಿ ಮಾರುವ ಅಗತ್ಯವೇ ಇರುವುದಿಲ್ಲ. ಉತ್ತರ ಎಂಬುದು ಸೌಜನ್ಯದಿಂದ ಬರಬೇಕು, ದುಡ್ಡಿಗೆ ಬರಬಾರದು.

ಇನ್ನು ಎಲ್ಲರೂ ಹೇಳುವ ಮಾತು: ಒಳ್ಳೆಯ ಕೃತಿ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ನಾಲ್ಕು ಆಕ್ಷೇಪದ ಪತ್ರಗಳಲ್ಲಿ ಮೂರರಲ್ಲಿ ಈ ಮಾತಿತ್ತು. ಕೇಳಲು ಚೆಂದ. ಆದರೆ ಕೃತಿಗೆ ಕಾಲಿಲ್ಲ. ಪ್ರತಿ ಸಲವೂ ಯಾರೋ ಒಬ್ಬರು ಹೊತ್ತುಕೊಂಡು ಹೋಗಿರುತ್ತಾರೆ.

ಮೈಸೂರಿನದೇ ಉದಾಹರಣೆ ಇದೆ. ಆರ್. ಕೆ. ನಾರಾಯಣ್ ತಮ್ಮ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬರೆದಾಗ ಅದರ ಹಸ್ತಪ್ರತಿ ಲಂಡನ್ನಿನಲ್ಲಿ ಒಬ್ಬ ಪ್ರಕಾಶಕರಿಂದ ಇನ್ನೊಬ್ಬರಿಗೆ ಅಲೆಯಿತು, ಪ್ರತಿಯೊಬ್ಬರೂ ಬೇಡವೆಂದರು. ಕೊನೆಗೆ ಬೇಸತ್ತ ನಾರಾಯಣ್, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ತಮ್ಮ ಗೆಳೆಯ ಪೂರ್ಣ ಅವರಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದರು. ಗೆಳೆಯ ಎಸೆಯಲಿಲ್ಲ. ಆಗ ಆಕ್ಸ್‌ಫರ್ಡಿನಲ್ಲೇ ಇದ್ದ ಗ್ರಹಾಂ ಗ್ರೀನ್ ಅವರಿಗೆ ಕೊಟ್ಟರು. ಗ್ರೀನ್ ಓದಿ, ಮೆಚ್ಚಿ, ಪ್ರಕಾಶಕರಿಗೆ ಶಿಫಾರಸು ಮಾಡಿ, 1935ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಅಚ್ಚು ಹಾಕಿತು. ಅಲ್ಲಿಗೂ ಮುಗಿಯಲಿಲ್ಲ. ಪುಸ್ತಕ ಸರಿಯಾಗಿ ಮಾರಾಟವಾಗಲಿಲ್ಲವೆಂದು ಎರಡನೆಯ ಕಾದಂಬರಿಗೆ ಬೇರೆ ಪ್ರಕಾಶಕರು, 1937ರಲ್ಲಿ. ಮೂರನೆಯದಕ್ಕೆ ಮತ್ತೊಬ್ಬರು, 1938ರಲ್ಲಿ. ಪೂರ್ಣ ಇರದಿದ್ದರೆ, ಗ್ರೀನ್ ಆ ಊರಿನಲ್ಲಿ ಇರದಿದ್ದರೆ, ಮಾಲ್ಗುಡಿ ಮೈಸೂರಿನ ಒಂದು ಮೇಜಿನ ಖಾನೆಯಲ್ಲಿ ಉಳಿಯುತ್ತಿತ್ತು. ಕೃತಿಯ ಗುಣ ಆಗಲೂ ಅಷ್ಟೇ ಇರುತ್ತಿತ್ತು.

ಈ ಕಥೆಯಲ್ಲಿ ನಾನು ಗಮನಿಸುವುದು ಇನ್ನೊಂದು. ಬೇಡವೆಂದ ಪ್ರಕಾಶಕರೆಲ್ಲರೂ ಬೇಡವೆಂದು ತಿಳಿಸಿದರು, ಹಸ್ತಪ್ರತಿ ವಾಪಸು ಕೊಟ್ಟರು. ಆದ್ದರಿಂದಲೇ ಅದು ಮುಂದಿನ ಬಾಗಿಲಿಗೆ ಹೋಗಲು ಸಾಧ್ಯವಾಯಿತು, ಕೊನೆಗೆ ಗ್ರೀನ್ ಕೈಗೂ ಸಿಕ್ಕಿತು. ಒಬ್ಬ ಪ್ರಕಾಶಕರು ಸುಮ್ಮನೆ ಇಟ್ಟುಕೊಂಡಿದ್ದರೂ ಪೂರ್ಣ ಅವರ ಕೈಯಲ್ಲಿ ಕೊಡುವುದಕ್ಕೆ ಏನೂ ಇರುತ್ತಿರಲಿಲ್ಲ.

ಅಮೆರಿಕದ ಜಾನ್ ಕೆನಡಿ ಟೂಲ್ ಅವರದ್ದು ಇನ್ನೊಂದು ಬಗೆ. 1969ರಲ್ಲಿ ಅವರು ತೀರಿಕೊಂಡಾಗ 'ಎ ಕಾನ್ಫೆಡರಸಿ ಆಫ್ ಡನ್ಸಸ್' ಇನ್ನೂ ಹಸ್ತಪ್ರತಿಯಾಗಿಯೇ ಇತ್ತು. ಅವರ ತಾಯಿ ಅದನ್ನು ಹಿಡಿದುಕೊಂಡು ವರ್ಷಗಟ್ಟಲೆ ತಿರುಗಿ, ಕಾದಂಬರಿಕಾರ ವಾಕರ್ ಪರ್ಸಿ ಅವರನ್ನು ಓದಲೇಬೇಕೆಂದು ಹಟ ಹಿಡಿದು ಓದಿಸಿದರು. 1980ರಲ್ಲಿ ಪ್ರಕಟವಾದ ಕೃತಿಗೆ 1981ರಲ್ಲಿ ಪುಲಿಟ್ಜರ್ ಬಂತು. ಟೂಲ್ ಬದುಕಿದ್ದಾಗ ಅವರಿಗೆ ಉತ್ತರಗಳು ಬಾರದೆ ಇರಲಿಲ್ಲ, ಪ್ರಕಾಶನ ಸಂಸ್ಥೆಯ ಸಂಪಾದಕರೊಬ್ಬರು ಅವರಿಗೆ ಕಾಗದ ಬರೆಯುತ್ತಲೇ ಇದ್ದರು. ಆದ್ದರಿಂದ ಅದನ್ನು ಮೌನದ ಕಥೆಯೆಂದು ನಾನು ಹೇಳುವುದಿಲ್ಲ. ಕೃತಿ ತಾನೇ ದಾರಿ ಹುಡುಕಿಕೊಂಡಿತು ಎಂದು ನೀವೂ ಹೇಳಬೇಡಿ, ಹುಡುಕಿದ್ದು ತಾಯಿ.

ಛಲ ಬೇಕು, ಗಟ್ಟಿ ಮನಸ್ಸು ಬೇಕು ಎಂದು ಬೋಧಿಸಿದವರು ಕ್ಯಾಥ್ರಿನ್ ಸ್ಟಾಕೆಟ್ ಅವರ ಉದಾಹರಣೆ ಕೊಟ್ಟಿದ್ದಾರೆ. 'ದಿ ಹೆಲ್ಪ್' ಕಾದಂಬರಿಯನ್ನು ಅರವತ್ತು ಏಜೆಂಟರು ನಿರಾಕರಿಸಿ, ಅರವತ್ತೊಂದನೆಯವರು ಒಪ್ಪಿಕೊಂಡರು. ಅದು ನನ್ನ ವಾದಕ್ಕೇ ಸಾಕ್ಷಿ. ಅರವತ್ತು ಎಂದು ಅವರು ಎಣಿಸಲು ಆದದ್ದು ಹೇಗೆ? ನಿರಾಕರಣೆಗಳು ಕೈಗೆ ಬಂದದ್ದರಿಂದ. ನಡುನಡುವೆ ಹಸ್ತಪ್ರತಿ ತಿದ್ದುತ್ತ ಹೋದದ್ದು ಏತಕ್ಕೆ? ಇದ್ದ ಹಾಗೆ ನಡೆಯುವುದಿಲ್ಲ ಎಂದು ಯಾರೋ ತಿಳಿಸಿದ್ದರಿಂದ. ಮೌನ ಯಾರ ಕೈಯಲ್ಲೂ ಒಂದು ವಾಕ್ಯವನ್ನೂ ತಿದ್ದಿಸುವುದಿಲ್ಲ.

ಮೇಷ್ಟ್ರ ಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಹೋದ ಮಳೆಗಾಲದಲ್ಲಿ ಹೋದಾಗ ಅದನ್ನು ತೆಗೆದು ತೋರಿಸಿದರು. ಅದರ ತಳದಲ್ಲಿ, ದಾರದಲ್ಲಿ ಕಟ್ಟಿದ ಕಾರ್ಡುಗಳ ಕಟ್ಟು. ಅರವತ್ತು, ಎಪ್ಪತ್ತರ ದಶಕದಲ್ಲಿ ಪತ್ರಿಕೆಗಳಿಂದ ಬಂದ ವಿಷಾದ ಪತ್ರಗಳು. ಆಗ ಕಥೆ ಕಳಿಸುವಾಗ ಅಂಚೆಚೀಟಿ ಹಚ್ಚಿ ತಮ್ಮ ವಿಳಾಸ ಬರೆದ ಲಕೋಟೆಯನ್ನೂ ಇಡಬೇಕಿತ್ತು. ಕಥೆ ಬೇಡವಾದರೆ ಅದೇ ಲಕೋಟೆಯಲ್ಲಿ ವಾಪಸು ಬರುತ್ತಿತ್ತು, ಜೊತೆಗೆ ಅಚ್ಚು ಹಾಕಿಸಿದ ಒಂದು ಚೀಟಿ. ಒಂದು ತಿಳಿ ಗುಲಾಬಿ ಬಣ್ಣದ ಕಾರ್ಡನ್ನು ಅವರು ಬೇರೆಯಾಗಿ ಎತ್ತಿ ನನ್ನ ಕೈಗೆ ಕೊಟ್ಟರು. ಅಂಚೆಲ್ಲ ಹುಳ ತಿಂದಿದೆ. ಮುಂಭಾಗದಲ್ಲಿ ಎಲ್ಲರಿಗೂ ಕಳಿಸುವ ಅಚ್ಚಿನ ಸಾಲು. ಹಿಂಭಾಗದಲ್ಲಿ ನೀಲಿ ಶಾಯಿಯಲ್ಲಿ, ಕೈಬರಹದಲ್ಲಿ, "ಅಜ್ಜಿಯ ಭಾಗ ಚೆನ್ನಾಗಿದೆ". ಮೂರೇ ಪದ. ಸಂಪಾದಕರ ಸಹಿಯೂ ಇಲ್ಲ. ಆ ಕಥೆಯ ಉಳಿದದ್ದನ್ನೆಲ್ಲ ಬಿಟ್ಟು, ಅಜ್ಜಿಯನ್ನು ಇಟ್ಟುಕೊಂಡು ಬೆಳೆಸಿದ್ದೇ ಈ ಕಾದಂಬರಿ ಎಂದು ಮೇಷ್ಟ್ರು ಹೇಳಿದರು. ನಾನು ಅನುವಾದಿಸಿದ ಮುನ್ನೂರು ಪುಟಗಳ ಹಿಂದೆ ಯಾವನೋ ದಣಿದ ಉಪಸಂಪಾದಕ ಒಂದು ನಿಮಿಷ ಪೆನ್ನು ಎತ್ತಿದ ಉಪಕಾರ ಇದೆ.

ಹಾಗೆಂದು ಎಲ್ಲರೂ ಕೈಯಲ್ಲಿ ಬರೆಯಿರಿ ಎನ್ನುತ್ತಿಲ್ಲ. ಕಾರ್ಡಿನ ಮುಂಭಾಗವಾದರೂ ಸಾಕು.

ಕನ್ನಡದಲ್ಲಿ ಏಜೆಂಟರೇ ಇಲ್ಲ, ಈ ಗೋಳು ನಮಗೇಕೆ ಎಂದು ಕೇಳಿದವರಿಗೆ 2025ರ ಮೇ 20ನ್ನು ನೆನಪಿಸುತ್ತೇನೆ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ದಿನ ಅದು. ಐವತ್ತು ಸಾವಿರ ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು. ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ಪುಸ್ತಕ ಹಾಸನದಿಂದ ಇಂಗ್ಲೆಂಡಿನ ಅಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಪ್ರಕಾಶನದವರೆಗೆ ತಾನಾಗಿ ಹೋಗಲಿಲ್ಲ. ಅನುವಾದಕಿ ಇದ್ದರು, ಕನಿಷ್ಕ ಗುಪ್ತ ಎಂಬ ಭಾರತದ ಏಜೆಂಟರಿದ್ದರು. 2022ರಲ್ಲಿ ಅದೇ ಪ್ರಶಸ್ತಿ ಪಡೆದ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಯ ಅನುವಾದದ ಹಿಂದೆಯೂ ಅವರೇ ಇದ್ದರು. ಅದಕ್ಕೂ ಮೊದಲು ವಿವೇಕ ಶಾನಭಾಗರ 'ಘಾಚರ್ ಘೋಚರ್' ಶ್ರೀನಾಥ್ ಪೇರೂರರ ಅನುವಾದದಲ್ಲಿ 2017ರಲ್ಲಿ ಅಮೆರಿಕ, ಬ್ರಿಟನ್ನುಗಳನ್ನು ಮುಟ್ಟಿತ್ತು. ನನಗೆ ಗೊತ್ತಿರುವವರಲ್ಲೇ ಇವತ್ತು ಎಷ್ಟೋ ಜನ ಮಾದರಿ ಅನುವಾದ ಸಿದ್ಧ ಮಾಡಿಕೊಂಡು, ಮೂಲ ಲೇಖಕರ ಒಪ್ಪಿಗೆ ಪತ್ರ ಹಿಡಿದುಕೊಂಡು ಕ್ವೆರಿ ಬರೆಯುತ್ತಿದ್ದಾರೆ. ಗೋಳು ಈಗ ನಮ್ಮದೂ ಹೌದು.

ಕಾಯುವ ಬದಲು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿಕೊಳ್ಳಿ ಎಂಬ ಮಾತಿಗೆ ಹೆಚ್ಚು ಹೇಳುವುದಿಲ್ಲ. ಕನ್ನಡದಲ್ಲಿ ಅದು ಮರ್ಯಾದೆಯ ದಾರಿಯೇ, ದೊಡ್ಡವರೂ ಹಾಗೆ ಮಾಡಿದ್ದಾರೆ. ಆದರೆ ಲಂಡನ್ನಿನ ಪುಸ್ತಕದಂಗಡಿಗೆ ಸಾಗರದಿಂದ ಗಂಟು ಕಟ್ಟಿ ಕಳಿಸಲಾಗುವುದಿಲ್ಲ.

ಎದುರಾಳಿಗಳ ಒಂದು ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಲೇಖಕರ ಕಡೆಯಿಂದಲೂ ತಪ್ಪುಗಳಿವೆ. ಯಾವ ಏಜೆಂಟರು ಏನು ಓದುತ್ತಾರೆ ಎಂದು ನೋಡದೆ, ಅಡುಗೆ ಪುಸ್ತಕದ ಏಜೆಂಟರಿಗೆ ಕವಿತೆ ಕಳಿಸುತ್ತೇವೆ. ಅರವತ್ತು ಜನರಿಗೆ ಒಂದೇ ಪತ್ರವನ್ನು ಒಂದೇ ಸಲ ಕಳಿಸುತ್ತೇವೆ. ಇನ್ನೂ ಮುಗಿಯದ ಕಾದಂಬರಿಯನ್ನು ಮುಗಿದಿದೆ ಎನ್ನುತ್ತೇವೆ. ಒಂದು ಕಡೆ ಒಪ್ಪಿಗೆ ಸಿಕ್ಕ ಮೇಲೆ, ಇನ್ನೂ ಓದುತ್ತಿರುವ ಉಳಿದವರಿಗೆ ತಿಳಿಸದೇ ಇರುವವರೂ ನಮ್ಮಲ್ಲಿದ್ದಾರೆ. ಅದೂ ಮೌನವೇ, ಅದೂ ಅಷ್ಟೇ ತಪ್ಪು. ಉತ್ತರ ಕೇಳುವವರು ಉತ್ತರ ಕೊಡುವುದನ್ನು ಕಲಿಯಬೇಕು.

ಕೊನೆಗೆ ಮತ್ತೆ ಹಿರಿಯ ಪ್ರಕಾಶಕರಿಗೇ ಬರುತ್ತೇನೆ. ಮೌನವೂ ಉತ್ತರವೇ ಎಂದು ನೀವು ಬರೆದದ್ದು ಲಂಡನ್ನಿನವರ ಪರವಾಗಿ. ಆದರೆ ನಮ್ಮಲ್ಲಿ ಏಜೆಂಟರಿಲ್ಲದ ಕಾರಣ ಆ ಕೆಲಸ ನಿಮ್ಮ ಹೆಗಲಿಗೇ ಬಿದ್ದಿದೆ. ಶಿರಸಿಯಿಂದ, ಸಿಂಧನೂರಿನಿಂದ, ಚಾಮರಾಜನಗರದಿಂದ ನಿಮ್ಮ ಮೇಜಿಗೆ ಹಸ್ತಪ್ರತಿ ಬರುತ್ತದೆ. ಲಂಡನ್ ನನ್ನ ಮಾತು ಕೇಳುವುದಿಲ್ಲ, ನೀವು ಕೇಳಬಹುದು. ಮೇಷ್ಟ್ರು ಈಗಲೂ ಭಾನುವಾರ ಫೋನ್ ಮಾಡುತ್ತಾರೆ. ಹೋದ ವಾರ ನಾನು ನಲವತ್ತೆರಡನೆಯ ಕ್ವೆರಿ ಕಳಿಸಿದೆ. ನೀವು ಇವತ್ತು ಸಂಜೆ ಅಂಗಡಿ ಬಾಗಿಲು ಹಾಕುವ ಮೊದಲು ಆ ರಾಶಿಯ ತಳದಲ್ಲಿರುವ, ಎಲ್ಲಕ್ಕಿಂತ ಹಳೆಯ ಹಸ್ತಪ್ರತಿಯನ್ನು ಹೊರಗೆ ತೆಗೆದು ಬರೆದವರಿಗೆ ಒಂದು ಸಾಲು ತಿಳಿಸಿ. ಅವರ ವಿಳಾಸ, ಫೋನ್ ನಂಬರು ಮೊದಲ ಪುಟದಲ್ಲೇ ಇದೆ.